ಮೂರನೆಯ ಹಾಡಿನ ಕೂಗು

ಹುಕ್ಕೇರಿಯ ಆ ಮದುವೆ ಮೆರವಣಿಗೆಯಲ್ಲಿ ಮೂರನೆಯ ಹಾಡನ್ನು ಬಾರಿಸಿದವನು ನಾನಲ್ಲ.

ನಾನೇ ಎಂದು ಎರಡು ಸಲ ಹೇಳಿಕೊಂಡಿದ್ದೇನೆ — ಒಮ್ಮೆ ಇಪ್ಪತ್ತೊಂದರ ವಯಸ್ಸಿನಲ್ಲಿ, ಕೊಲ್ಹಾಪುರದಿಂದ ಬಂದ ಒಬ್ಬ ದೊಡ್ಡ ಮನುಷ್ಯರ ಮುಖ ನೋಡಿ. ಇನ್ನೊಮ್ಮೆ ಹೋದ ತಿಂಗಳು, ಐವತ್ತು ದಾಟಿದ ಮೇಲೆ, ಮೊಬೈಲಿನ ಮೇಲೆ ಬೆರಳಾಡಿಸಿ. ಎರಡೂ ಸಲ ಸುಳ್ಳು. ಬಾರಿಸಿದವನು ಮಸಗುಪ್ಪಿಯ ಮಾಳಪ್ಪ. ಇಷ್ಟೇ ಆಗಿದ್ದರೆ ಹೇಗೋ — ಆದರೆ ಇಷ್ಟೇ ಅಲ್ಲ. ನಡುವೆ ಮೂರನೆಯದೊಂದು ಸುಳ್ಳಿದೆ. ಅದನ್ನು ಹೇಳಿದ್ದು ಮಾಳಪ್ಪನಿಗೇ. ಅದನ್ನು ಬರೆಯುವಷ್ಟು ಕೈ ಗಟ್ಟಿಯಾಗುವ ತನಕ ಸ್ವಲ್ಪ ಹಿಂದಿನಿಂದ ಹೇಳುತ್ತ ಬರುತ್ತೇನೆ.

ನಾನು ಗೋಕಾಕದವನು, ಬಸವರಾಜ. ಪೇಟೆಯಲ್ಲಿ ಕೊಡ, ಪಾತ್ರೆ ಮಾರುವ ನಮ್ಮದೊಂದು ಭಾಂಡೆ ಅಂಗಡಿ ಇದೆ. ಆಗ ಅಪ್ಪ ಕೂಡುತ್ತಿದ್ದ ಗಾದಿಯ ಮೇಲೆ ಈಗ ನಾನು ಕೂಡುತ್ತೇನೆ. ಕಾಲೇಜಿನ ದಿನಗಳಲ್ಲಿ ನನಗೆ ಬ್ಯಾಂಜೊದ ಹುಚ್ಚು. ಟೈಪ್‌ರೈಟರಿನ ಹಾಗೆ ಸಾಲಾಗಿ ಗುಂಡಿಗಳಿರುವ ತಂತಿವಾದ್ಯ ಅದು — ಎಡಗೈ ಗುಂಡಿ ಒತ್ತಬೇಕು, ಬಲಗೈ ತಂತಿ ಮೀಟಬೇಕು. ಘಟಪ್ರಭಾದ ಒಬ್ಬ ಮಾಸ್ತರರ ಮನೆಗೆ ಎರಡು ವರ್ಷ ಸೈಕಲ್ ತುಳಿದು ಕಲಿತಿದ್ದೆ. ಆಮೇಲೆ ಐದು ಮಂದಿ ಗೆಳೆಯರನ್ನು ಕೂಡಿಸಿ ಒಂದು ಬ್ಯಾಂಜೊ ಪಾರ್ಟಿ ಕಟ್ಟಿದೆ. ಮೂಡಲಗಿ, ಹುಕ್ಕೇರಿ, ಕುಲಗೋಡ — ಎಲ್ಲಿ ಮದುವೆಯಿದ್ದರೂ ಮೆರವಣಿಗೆಯ ಮುಂದೆ ಕೈಗಾಡಿಯಲ್ಲಿ ಸ್ಪೀಕರ್ ಇಟ್ಟುಕೊಂಡು ನಡೆಯುತ್ತಿದ್ದೆವು. ಗಾಡಿಯ ಮೇಲೆ ಕೂತು ಬಾರಿಸುವವನು ನಾನು. ಎಲ್ಲರ ಕಣ್ಣು ನನ್ನ ಮೇಲೆ. ಆ ಕಣ್ಣುಗಳಿಲ್ಲದೆ ಬದುಕಲು ನನಗೆ ಬರುತ್ತಿರಲಿಲ್ಲ ಎಂದು ಈಗ ತಿಳಿಯುತ್ತದೆ.

ಮಾಳಪ್ಪ ಕಾಲೇಜಿನಲ್ಲಿ ನನ್ನ ಬೆಂಚಿನವನು. ಕುರಿ ಕಾಯುವವರ ಮನೆತನ. ಅವನಪ್ಪ ಮಳೆಗಾಲ ಮುಗಿದೊಡನೆ ಹಿಂಡು ಹೊಡೆದುಕೊಂಡು ಊರೂರು ತಿರುಗುತ್ತಿದ್ದ. ಮಾಳಪ್ಪ ಮಾತು ಕಡಿಮೆ. ಮನೆಯಲ್ಲಿ ಡೊಳ್ಳು ಬಾರಿಸಿ ರೂಢಿಯಿದೆ ಎಂದು ಅವನನ್ನು ಪಾರ್ಟಿಗೆ ಡ್ರಮ್ ಹಿಡಿಯಲು ಕರೆದವನು ನಾನೇ. ನಮ್ಮ ಮನೆಗೆ ಬಂದರೆ ಪಡಸಾಲೆಯಲ್ಲಿ ಗೋಡೆಗೆ ಒರಗದೆ ಕೂಡುತ್ತಿದ್ದ. ಅದನ್ನು ನಾನು ಗಮನಿಸುತ್ತಿದ್ದೆ. ಒರಗಿ ಕೂಡು ಎಂದು ಒಮ್ಮೆಯೂ ಹೇಳಲಿಲ್ಲ.

ಆಗ ನನ್ನ ಸೋದರಮಾವನ ಮಗ ಪುಣೆಯಿಂದ ಒಂದು ಕ್ಯಾಸೆಟ್ ತಂದುಕೊಟ್ಟ. ಯುರೋಪಿನವರ ಡಾನ್ಸ್ ಹಾಡುಗಳು. ನೀಲಿ ಮುಖಪುಟ, ಕಪ್ಪು ಕನ್ನಡಕ ಹಾಕಿದ ಒಬ್ಬಳು ಹೆಂಗಸು. ಅದಕ್ಕೆ ಯೂರೋಡಾನ್ಸ್ ಅನ್ನುತ್ತಾರೆಂದು ಈಗ ಮಗಳಿಂದ ಗೊತ್ತಾಯಿತು. ನಾವು ‘ನೀಲಿ ಕ್ಯಾಸೆಟ್’ ಅನ್ನುತ್ತಿದ್ದೆವು. ಎದೆಗೇ ಬಡಿಯುವ ತಾಳ, ನಡುನಡುವೆ ಒಬ್ಬ ಗಂಡಸು ಉಸಿರು ಬಿಡದೆ ಏನೋ ಮಾತಾಡುತ್ತಾನೆ, ಆಮೇಲೆ ಆ ಹೆಂಗಸಿನ ದನಿ ಎದ್ದು ಮಾಳಿಗೆ ಏರಿದ ಹಾಗೆ ಮೇಲೇರುತ್ತದೆ. ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೂ ಆ ವರ್ಷ ಗೋಕಾಕದ ಅರ್ಧ ಹುಡುಗರು ನಮ್ಮ ಅಂಗಡಿಯ ಹಿಂದಿನ ಕೋಣೆಗೆ ಬಂದು ಅದನ್ನು ಕೇಳಿ ಹೋದರು. ಮೂರನೆಯ ಹಾಡೆಂದರೆ ಎಲ್ಲರಿಗೂ ಪ್ರಾಣ.

ಅದನ್ನು ಬ್ಯಾಂಜೊದ ಮೇಲೆ ಕೂಡಿಸಲು ನನಗೆ ಹದಿನೈದು ದಿನ ಬೇಕಾಯಿತು. ಒಂದು ಮಧ್ಯಾಹ್ನ ಮಾಳಪ್ಪನನ್ನು ಕೋಣೆಯಲ್ಲಿ ಬಿಟ್ಟು ನಾನು ಚಹಾ ತರಲು ಹೋಗಿ ಹಿಂದಿರುಗಿದಾಗ ಒಳಗಿನಿಂದ ಆ ಹಾಡು ಕೇಳುತ್ತಿತ್ತು. ಟೇಪ್ ಹಚ್ಚಿದ್ದಾನೆ ಅಂದುಕೊಂಡೆ. ಅಲ್ಲ — ಮಾಳಪ್ಪ ನನ್ನ ಬ್ಯಾಂಜೊ ತೊಡೆಯ ಮೇಲಿಟ್ಟುಕೊಂಡು ಬಾರಿಸುತ್ತಿದ್ದ. ಕಲಿತವನಲ್ಲ, ಬೆರಳು ಇಡುವ ರೀತಿಯೇ ತಪ್ಪು. ಆದರೆ ಆ ಹಾಡಿನಲ್ಲಿ ಒಂದು ಜಾಗವಿದೆ — ಹೆಂಗಸಿನ ದನಿ ತಟ್ಟನೆ ನಿಂತು ನಾಲ್ಕು ಪೆಟ್ಟಿನಷ್ಟು ಹೊತ್ತು ಬರೀ ತಾಳ ಉಳಿಯುತ್ತದೆ. ಆ ಖಾಲಿ ಜಾಗದಲ್ಲಿ ಅವನು ಗುಂಡಿಗಳನ್ನು ಬಿಟ್ಟು ತಂತಿಯನ್ನೇ ಹೆಬ್ಬೆರಳಿನಿಂದ ಒತ್ತಿ ಎಳೆದ. ಒಂದು ಕೂಗು ಎದ್ದಿತು. ಹೊತ್ತು ಮುಳುಗುವಾಗ ದೂರ ಹೋದ ಕುರಿಗಳನ್ನು ಕರೆಯುತ್ತಾರಲ್ಲ, ಅಂಥದ್ದು. ಆಮೇಲೆ ಹಾಡು ಏನೂ ಆಗಿಲ್ಲವೆಂಬಂತೆ ಮುಂದೆ ಹೋಯಿತು.

ಅಂಗಡಿಯಲ್ಲಿ ಅಪ್ಪ ಗಿರಾಕಿಗೆ ಕೊಡ ತೋರಿಸುತ್ತಿದ್ದ. ಎರಡು ವರ್ಷ ನಾನು ಬಾರಿಸಿದ್ದನ್ನು ಕೇಳಿ ಒಂದು ದಿನವೂ ತಲೆ ಎತ್ತಿದವನಲ್ಲ. ಅವತ್ತು ಕೊಡ ಕೈಯಲ್ಲಿ ಹಿಡಿದೇ ಒಳಗೆ ಬಂದು, ಯಾರದು, ಇನ್ನೊಮ್ಮೆ ಬಾರಿಸು ಅಂದ.

ನನ್ನ ಕೈಯಲ್ಲಿ ಚಹಾದ ಲೋಟಗಳಿದ್ದವು. ಕ್ಯಾಸೆಟ್ ನನ್ನದು, ಬ್ಯಾಂಜೊ ನನ್ನದು, ಅಪ್ಪ ನನ್ನ ಅಪ್ಪ. ಹಾಡು ಮಾತ್ರ ಅವನದಾಗಿ ಹೋಯಿತು. ನಾನು ನಕ್ಕು, ಭಾರಿ ಆತಲೇ ಮಾಳ್ಯಾ ಅಂದೆ. ಆ ನಗು ನನ್ನ ಮುಖದ ಮೇಲೆ ಎಷ್ಟು ಬಿಗಿದಿತ್ತೆಂದರೆ — ಈಗಲೂ ದವಡೆಗೆ ನೆನಪಿದೆ.

ಹುಕ್ಕೇರಿಯ ಮದುವೆ ಅದಾದ ತಿಂಗಳಲ್ಲಿ. ಸಂಜೆಯ ಮೆರವಣಿಗೆ. ನನ್ನ ಬೆರಳಿಗೆ ತಂತಿ ಕೊಯ್ದು ರಕ್ತ ಬಂದಿತ್ತು. ಒಂದೇ ಹಾಡಿನ ಮಟ್ಟಿಗೆ ಮಾಳಪ್ಪನನ್ನು ಗಾಡಿ ಹತ್ತಿಸಿದೆ. ಅವನು ಬಾರಿಸಿದ್ದು ಆ ಮೂರನೆಯ ಹಾಡು. ಕೂಗಿನ ಜಾಗ ಬಂದಾಗ ಕುಣಿಯುತ್ತಿದ್ದವರು ಒಂದು ಕ್ಷಣ ನಿಂತೇಬಿಟ್ಟರು. ಆಮೇಲೆ ಇನ್ನೊಮ್ಮೆ, ಇನ್ನೊಮ್ಮೆ ಎಂದು ನಾಲ್ಕು ಸಲ ಬಾರಿಸಿದರು — ಬಾರಿಸಿದರು ಎಂದು ಬರೆದೆ, ನೋಡಿ. ಪಾರ್ಟಿಯೇ ಬಾರಿಸಿತು ಎಂಬ ಹಾಗೆ. ಬಾರಿಸಿದ. ಒಬ್ಬನೇ, ಅವನು. ನಾನು ಡ್ರಮ್ ಹಿಡಿದು ಗಾಡಿಯ ಹಿಂದೆ ನಡೆಯುತ್ತಿದ್ದೆ. ಜನರ ಬೆನ್ನು ಮಾತ್ರ ಕಾಣುತ್ತಿತ್ತು.

ನಾಲ್ಕು ದಿನ ಬಿಟ್ಟು ಅಂಗಡಿಗೆ ಒಬ್ಬರು ಬಂದರು. ಬಿಳಿ ಪೈಜಾಮ, ಬಾಯಲ್ಲಿ ಎಲೆ. ಕೊಲ್ಹಾಪುರದಲ್ಲಿ ಹಾಡು ಮುದ್ರಿಸಿ ಕ್ಯಾಸೆಟ್ ಮಾಡುವವರು, ಆ ಮದುವೆಗೆ ಬೀಗರ ಕಡೆಯಿಂದ ಬಂದಿದ್ದರಂತೆ. ಮಹಡಿಯ ಮೇಲೆ ಕೂತು ಕೇಳಿದ್ದರು, ಮುಖ ಕಂಡಿರಲಿಲ್ಲ. ಪಾರ್ಟಿಯ ಬೋರ್ಡಿನ ಮೇಲಿದ್ದ ನಮ್ಮ ಅಂಗಡಿಯ ವಿಳಾಸ ಹಿಡಿದು ಬಂದಿದ್ದರು.

“ಆ ಇಂಗ್ಲಿಷ್ ಹಾಡ ಬಾರಿಸಿದಾಂವ ಯಾರ್ರಿ?” ಎಂದು ಕೇಳಿದರು. “ನಡುವ ಒಂದ ಕೂಗ ಹಾಕ್ತಾನಲ್ಲ, ಅಂವ.”

ಮಾಳಪ್ಪ ಆ ವಾರ ಊರಲ್ಲಿರಲಿಲ್ಲ, ಕುಲಗೋಡದ ಹತ್ತಿರ ಅಪ್ಪನ ಹಿಂಡಿನ ಜೊತೆಗಿದ್ದ. ಹೇಳಿ ಕಳಿಸಿದ್ದರೆ ಸಂಜೆಯ ಬಸ್ಸಿಗೆ ಬರುತ್ತಿದ್ದ. ನಾನು ಯೋಚಿಸಲೇ ಇಲ್ಲ — ಯೋಚಿಸಿದ್ದರೆ ಇಷ್ಟು ಸಲೀಸಾಗಿ ಬಾಯಿಂದ ಬರುತ್ತಿರಲಿಲ್ಲ.

“ನಾನ ರಿ,” ಅಂದೆ.

ಕೊಲ್ಹಾಪುರಕ್ಕೆ ಹೋದೆ. ಗಾಜಿನ ಕೋಣೆ, ತಲೆಗೆ ಹಾಕಿಕೊಳ್ಳಲು ಹೆಡ್‌ಫೋನ್. ಹಾಡನ್ನು ತಪ್ಪಿಲ್ಲದೆ ಬಾರಿಸಿದೆ. ಕೂಗಿನ ಜಾಗ ಬಂದಾಗ ತಂತಿ ಎಳೆದೆ. ಬಾಗಿಲ ಕೀಲು ಕಿರುಗುಟ್ಟಿದ ಹಾಗಾಯಿತು. ಮತ್ತೆ ಎಳೆದೆ. ಅವರು ಸಿಟ್ಟಿಗೇಳಲಿಲ್ಲ. ಮಧ್ಯಾಹ್ನದವರೆಗೆ ಅವಕಾಶ ಕೊಟ್ಟರು, ಊಟ ಹಾಕಿಸಿದರು, ಆಮೇಲೆ ಬಾಜೂಕ ಕೂತು ಹೆಗಲ ಮೇಲೆ ಕೈ ಇಟ್ಟು, ಇದನ್ನು ಬಾರಿಸಿದವನು ನೀನಲ್ಲ ತಮ್ಮಾ, ಅವನನ್ನು ಕರೆದುಕೊಂಡು ಬಾ, ನೀನೂ ಬಾ, ಇಬ್ಬರಿಗೂ ಇಲ್ಲಿ ಕೆಲಸವಿದೆ ಅಂದರು. ಬಯ್ದಿದ್ದರೆ ಒಳ್ಳೆಯದಿತ್ತು. ನನಗೂ ಜಾಗವಿದೆ ಎಂದ ಆ ಒಳ್ಳೆಯತನವೇ ನನ್ನನ್ನು ಸುಟ್ಟಿತು. ಅವನ ಪಕ್ಕದಲ್ಲಿ, ಅವನ ಜೊತೆಗೆ — ಅವನ ದೆಸೆಯಿಂದ.

ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಮಾತು ತಯಾರಾಗಿತ್ತು.

ಮಾರನೆಯ ದಿನ ಮಾಳಪ್ಪ ಬಂದ. ನಾನು ಕೊಲ್ಹಾಪುರಕ್ಕೆ ಹೋಗಿದ್ದು ಗೆಳೆಯರಿಂದ ಅವನಿಗೆ ತಿಳಿದಿತ್ತು. ಎದುರಿಗೆ ಕೂತ. ನಾನೇ ಶುರು ಮಾಡಿದೆ — ನಿನ್ನ ಸಲುವಾಗಿಯೇ ಹೋಗಿದ್ದೆ, ಹುಕ್ಕೇರಿಯಲ್ಲಿ ನೀನು ಬಾರಿಸಿದ್ದನ್ನು ಅವರು ಕೇಳಿದ್ದಾರೆ, ನಿನ್ನನ್ನು ತಗೊಳ್ಳಿ ಎಂದು ಎಷ್ಟೋ ಕೇಳಿಕೊಂಡೆ. ಅವನ ಮುಖ ಅರಳುತ್ತ ಬಂತು. ಅದು ಅರಳುವುದನ್ನು ನೋಡಿದ ಮೇಲೆಯೇ ಉಳಿದದ್ದನ್ನು ಹೇಳಿದೆ.

“ಅವ್ರು ನಕ್ರೋ ಮಾಳ್ಯಾ. ಕುರಿ ಕಾಯೂ ಕೈ ಅದು, ತಂತಿ ಹಿಡಿಯೂ ಕೈ ಅಲ್ಲ ಅಂದ್ರು.”

ಇದೇ ಆ ಮೂರನೆಯ ಸುಳ್ಳು. ಯಾರೂ ಹಾಗೆ ಅಂದಿರಲಿಲ್ಲ. ಆ ಮಾತು ನನ್ನದು. ಬಸವಣ್ಣನ ವಚನ ಹೇಳಿಕೊಂಡು ಬೆಳೆದ ಮನೆಯವನು ನಾನು, ಕುಲ ಕೇಳಬೇಡ ಎಂದು ಕಲಿತವನು — ಅವನಿಗೆ ಎಲ್ಲಿ ಹೊಡೆದರೆ ಮೇಲೇಳಲಾರ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೋಡೆಗೆ ಒರಗದೆ ಕೂಡುವವನನ್ನು ನಾಲ್ಕು ವರ್ಷ ನೋಡಿದ್ದೆನಲ್ಲ.

ಮಾಳಪ್ಪ ತನ್ನ ಎರಡೂ ಕೈ ತಿರುಗಿಸಿ ನೋಡಿಕೊಂಡ. ಖರೆ ಇರಬಹುದು ಅಂದ. ಎದ್ದು ಹೋದ. ಮುಂದಿನ ಮದುವೆಗೆ ಬರಲಿಲ್ಲ, ಪರೀಕ್ಷೆಗೂ ಕೂಡಲಿಲ್ಲ. ಕೊಲ್ಹಾಪುರದವರು ಒಂದು ಕಾಗದ ಬರೆದು ಕೇಳಿದರು. ಆ ಹುಡುಗ ಹಿಂಡಿನ ಜೊತೆ ಹೋಗಿದ್ದಾನೆ, ಅವನಿಗೆ ಮನಸ್ಸಿಲ್ಲ ಎಂದು ಉತ್ತರ ಹಾಕಿದೆ. ಎರಡು ವರ್ಷದಲ್ಲಿ ಪಾರ್ಟಿಯೂ ಮುಗಿಯಿತು. ಮೂರನೆಯ ಹಾಡನ್ನು ನಾನು ಮತ್ತೆ ಬಾರಿಸಲಿಲ್ಲ.

ಇನ್ನು ಹೋದ ತಿಂಗಳಿನ ಮಾತು.

ನನ್ನ ಮಗಳು ವಿದ್ಯಾ ಮೊಬೈಲಿನಲ್ಲಿ ಆ ನೀಲಿ ಕ್ಯಾಸೆಟ್ಟನ್ನು ಹುಡುಕಿಕೊಟ್ಟಳು. ಯಾರೋ ಪುಣ್ಯಾತ್ಮರು ಪೂರ್ತಿ ಹಾಕಿದ್ದಾರೆ. ಅದರ ಕೆಳಗೆ ಜಗತ್ತಿನ ಜನ ತಮ್ಮ ತಮ್ಮ ನೆನಪು ಬರೆದಿದ್ದಾರೆ. ಯಾವುದೋ ಚಳಿಯ ದೇಶದ ಲಾರಿ ಡ್ರೈವರ್ ಬರೆದಿದ್ದ — ಅಣ್ಣ ಮೊದಲ ಸಂಬಳದಲ್ಲಿ ಇದನ್ನು ತಂದಿದ್ದ, ಅಣ್ಣ ಈಗಿಲ್ಲ, ಹಾಡಿದೆ. ಒಬ್ಬಳು ಬರೆದಿದ್ದಳು — ಅಮ್ಮ ಶನಿವಾರ ನೆಲ ಒರೆಸುವಾಗ ಇದನ್ನು ಹಚ್ಚಿ ಕುಣಿಯುತ್ತಿದ್ದಳು, ಅಮ್ಮ ಕುಣಿದದ್ದನ್ನು ಮತ್ತೆಂದೂ ನೋಡಲಿಲ್ಲ. ಇಂಥವು ನೂರಾರು. ವಿದ್ಯಾ ಓದಿ ಹೇಳುತ್ತಿದ್ದರೆ ನನಗೆ ಅವರೆಲ್ಲರ ಮೇಲೆ ಹೊಟ್ಟೆಕಿಚ್ಚಾಯಿತು. ಅವರಿಗೆ ಹಾಡು ಹಾಡಾಗಿಯೇ ಉಳಿದಿದೆ. ಹಚ್ಚುತ್ತಾರೆ, ಅಳುತ್ತಾರೆ, ನಗುತ್ತಾರೆ, ಆರಿಸುತ್ತಾರೆ. ನನಗೆ ಮಾತ್ರ —

ಅಷ್ಟರಲ್ಲಿ ಅವಳು, ಅಪ್ಪಾ, ಇಲ್ಲಿ ಹುಕ್ಕೇರಿಯವರೊಬ್ಬರಿದ್ದಾರೆ ಅಂದಳು.

ಕನ್ನಡದಲ್ಲೇ ಬರೆದಿದ್ದರು. ಸುನಂದಾ ಎಂದು, ಶಾಲೆಯ ಶಿಕ್ಷಕಿ. ಚಿಕ್ಕವಳಿದ್ದಾಗ ಅಕ್ಕನ ಮದುವೆಯ ಮೆರವಣಿಗೆಯಲ್ಲಿ ಗೋಕಾಕದ ಬ್ಯಾಂಜೊ ಪಾರ್ಟಿಯವನೊಬ್ಬ ಈ ಮೂರನೆಯ ಹಾಡು ಬಾರಿಸಿದ್ದನಂತೆ. ನಡುವೆ ಒಂದು ಕೂಗು ಹಾಕಿದ್ದನಂತೆ. ‘ಮೂಲ ಹಾಡು ಕೇಳಿದ್ದು ಎಷ್ಟೋ ವರ್ಷದ ಮೇಲೆ. ಅದರಲ್ಲಿ ಆ ಕೂಗೇ ಇಲ್ಲ. ಈಗಲೂ ಪ್ರತಿ ಸಲ ಆ ಜಾಗದಲ್ಲಿ ಉಸಿರು ಹಿಡಿದು ಕಾಯುತ್ತೇನೆ, ಬರುವುದಿಲ್ಲ. ಆ ಮನುಷ್ಯ ಯಾರು, ಎಲ್ಲಿದ್ದಾನೆ, ಯಾರಿಗಾದರೂ ಗೊತ್ತೇ?’

ಮೂವತ್ತು ವರ್ಷ. ಒಬ್ಬ ಹೆಣ್ಣುಮಗಳು ಮೂವತ್ತು ವರ್ಷ ಮಾಳಪ್ಪನಿಗಾಗಿ ಉಸಿರು ಹಿಡಿದು ಕಾದಿದ್ದಾಳೆ. ಅವನು ಅಲ್ಲಿ ಮಸಗುಪ್ಪಿಯಲ್ಲಿ ಏನೂ ಗೊತ್ತಿಲ್ಲದೆ ಕಬ್ಬಿಗೆ ನೀರು ಹಾಯಿಸುತ್ತಿದ್ದಾನೆ. ನಾನು ಗೋಕಾಕದಲ್ಲಿ ಕೂತು, ಇಷ್ಟೆಲ್ಲ ಆದ ಮೇಲೂ, ಅವನನ್ನು ನೋಡಿ ಕರುಬಿದೆ. ಮಗಳು ಒಳಗೆ ಹೋದೊಡನೆ ಮೊಬೈಲ್ ತೆಗೆದುಕೊಂಡು ಬರೆದೆ: ‘ಅದು ನಾನೇ.’

ಮುಂದೆ ಆದದ್ದು ನಿಮಗೆ ಗೊತ್ತು, ಆ ಪುಟದಲ್ಲಿ ಬರೆಯುವವರಿಗೆ. ನೀವೆಲ್ಲ ನನಗೆ ಕೈ ಮುಗಿದಿರಿ. ಲಾರಿ ಡ್ರೈವರ್ ಕೂಡ ತನ್ನ ಭಾಷೆಯಲ್ಲಿ ಒಳ್ಳೆಯದಾಗಲಿ ಅಂದ. ಸುನಂದಾ ಅವರು, ಅಕ್ಕನ ಮದುವೆಗೆ ಮೂವತ್ತು ವರ್ಷವಾದದ್ದಕ್ಕೆ ಮನೆಮಂದಿ ಎಲ್ಲ ಹುಕ್ಕೇರಿಯಲ್ಲಿ ಕೂಡುತ್ತೇವೆ, ಬಂದು ಒಮ್ಮೆ ಬಾರಿಸಿರಿ ಎಂದು ಕೇಳಿಕೊಂಡರು. ವಿದ್ಯಾ ಹಿಗ್ಗಿ ಬ್ಯಾಂಜೊದ ಧೂಳು ಒರೆಸಿ ಮುಂದೆ ತಂದಿಟ್ಟಳು. ಬೆರಳು ನೋಯುತ್ತವೆ ಅಂದೆ. ಅವಳು ಎಣ್ಣೆ ತಂದು ನನ್ನ ಬೆರಳುಗಳನ್ನು ಒಂದೊಂದಾಗಿ ತಿಕ್ಕತೊಡಗಿದಳು. ಅದನ್ನು ತಡೆಯಲು ನನ್ನಿಂದ ಆಗಲಿಲ್ಲ.

ಮೊನ್ನೆ ಬುಧವಾರ ಮಸಗುಪ್ಪಿಗೆ ಹೋದೆ. ಒಂದು ಡಬ್ಬಿ ಕರದಂಟು ಒಯ್ದಿದ್ದೆ; ಬ್ಯಾಂಜೊವನ್ನೂ ಕಾರಿನಲ್ಲಿ ಹಾಕಿಕೊಂಡಿದ್ದೆ. ಕೊಟ್ಟುಬಿಟ್ಟರೆ ಮುಗಿಯುತ್ತದೆ ಎಂದು — ಎಂಥ ಲೆಕ್ಕ ನನ್ನದು! ಅದನ್ನು ಕಾರಿನಿಂದ ಕೆಳಗಿಳಿಸುವ ಧೈರ್ಯವೂ ಆಗಲಿಲ್ಲ.

ಹೊಲದ ಮನೆಯ ಮುಂದೆ ಮಾಳಪ್ಪ ಹಗ್ಗ ಹೊಸೆಯುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ನೋಡಿದೊಡನೆ ಗುರುತು ಹಿಡಿದ.

“ಏ ಬಸ್ಯಾ, ಎಷ್ಟ ವರ್ಷ ಆತಲೇ,” ಎಂದು ಎದ್ದು ಬಂದು ಎರಡೂ ಕೈ ಹಿಡಿದುಕೊಂಡ. ಅವನ ಹೆಂಡತಿ ಚಹಾ ತಂದಳು. ಆಚೆ ಅವನ ಮಗ ಟ್ರ್ಯಾಕ್ಟರಿಗೆ ಟ್ರೇಲರ್ ಜೋಡಿಸುತ್ತಿದ್ದ.

ಹಾಡನ್ನು ಹಚ್ಚಿ ಮೊಬೈಲನ್ನು ಮಂಚದ ಮೇಲಿಟ್ಟೆ. ಮಾಳಪ್ಪ ಹಗ್ಗ ಬಿಟ್ಟು ಕೇಳಿದ. ಆ ಖಾಲಿ ಜಾಗ ಬಂತು. ತೊಡೆಯ ಮೇಲಿದ್ದ ಅವನ ಎಡಗೈ ಹೆಬ್ಬೆರಳು ಧೋತರದ ಮೇಲೆ ಒತ್ತಿ, ಒಂದು ಗೇಣಿನಷ್ಟು ಸರಿದು, ನಾಲ್ಕನೆಯ ಪೆಟ್ಟಿಗೆ ಸರಿಯಾಗಿ ನಿಂತಿತು. ಅವನಿಗೇ ಗೊತ್ತಾಗಲಿಲ್ಲ. ನಾನು ನೋಡಿದೆ. ಮೂವತ್ತು ವರ್ಷ ತಂತಿ ಮುಟ್ಟದ ಬೆರಳು — ತಪ್ಪೊಪ್ಪಿಕೊಳ್ಳಲು ಹೋದ ನನಗೆ ಆ ಕ್ಷಣದಲ್ಲಿ ಬಂದದ್ದು ಕಣ್ಣೀರಲ್ಲ, ಅದೇ ಹಳೆಯ ಉರಿ.

ಸುನಂದಾ ಅವರು ಬರೆದದ್ದನ್ನು ಓದಿ ಹೇಳಿದೆ. ಕೆಳಗೆ ನಾನು ಬರೆದದ್ದನ್ನು ಓದಲಿಲ್ಲ. ಮಾಳಪ್ಪ ಮಗನ ಕಡೆ ನೋಡಿದ. ಆ ಹುಡುಗನಿಗೂ ಕೈಯಿತ್ತಂತೆ. ಶಾಲೆಗೆ ಹೋಗುವಾಗ ಎಲ್ಲಿಂದಲೋ ಒಂದು ಹಾರ್ಮೋನಿಯಂ ತಂದು ಕೇಳಿದ್ದನ್ನೆಲ್ಲ ಬಾರಿಸುತ್ತಿದ್ದನಂತೆ, ಸಂಗೀತ ಕಲಿಯುತ್ತೇನೆಂದು ಹಟ ಹಿಡಿದಿದ್ದನಂತೆ.

“ನಾನ ಬ್ಯಾಡ ಅಂತ ಬಿಡಿಸಿದ್ನೋ,” ಅಂದ. “ನಮ್ಮವು ಕುರಿ ಕಾಯೂ ಕೈ, ನಾಳೆ ಯಾರರೆ ನಕ್ಕಗಿಕ್ಕಾರು ಅಂತ. ನನಗಾದದ್ದ ಅವಂಗ ಆಗೂದ ಬ್ಯಾಡ ಅಂತ.”

ಇಷ್ಟು ಹೊತ್ತೂ ನಾನು ಹೇಳಬಹುದೋ ಬೇಡವೋ ಎಂದು ತೂಗುತ್ತಿದ್ದೆ. ಇನ್ನು ತೂಗುವುದಕ್ಕೆ ಏನೂ ಉಳಿಯಲಿಲ್ಲ. ಎಲ್ಲ ಹೇಳಿದೆ — ಅಂಗಡಿಗೆ ಬಂದವರು, ಗಾಜಿನ ಕೋಣೆ, ಅವನನ್ನು ಕರೆದುಕೊಂಡು ಬಾ ಎಂದದ್ದು, ಕಾಗದ, ಹೋದ ತಿಂಗಳು ಮೊಬೈಲಿನಲ್ಲಿ ಬರೆದದ್ದು. ಆ ಮಾತು ಅವರದಲ್ಲ, ನನ್ನದು ಎಂದೂ ಹೇಳಿದೆ. ಅವನ ಮುಖ ನೋಡಿಯೇ ಹೇಳಬೇಕೆಂದುಕೊಂಡಿದ್ದೆ. ಹಗ್ಗ ನೋಡಿ ಹೇಳಿದೆ.

ಮಾಳಪ್ಪ ಬಯ್ಯಲಿಲ್ಲ. ಕೊಲ್ಹಾಪುರದವರಿಗೆ ತನ್ನ ಕೂಗು ಖರೇನೇ ಮನಸ್ಸಿಗೆ ಸೇರಿತ್ತೇನು ಎಂದು ಒಂದೇ ಒಂದು ಸಲ ಕೇಳಿದ. ಸೇರಿತ್ತು ಅಂದೆ. ಆಚೆ ಟ್ರ್ಯಾಕ್ಟರ್ ಶುರುವಾಯಿತು. ಮಗ ಕೈ ಎತ್ತಿ ಅಪ್ಪನಿಗೆ ಏನೋ ಸನ್ನೆ ಮಾಡಿ ಹೊರಟುಹೋದ. ಗದ್ದಲ ದೂರವಾಗುವ ತನಕ ಮಾಳಪ್ಪ ಆ ಕಡೆಯೇ ನೋಡುತ್ತಿದ್ದ.

“ನನಗ ಹೇಳಿದ್ದ ಹೇಳಿದಿ,” ಅಂದ. “ಈಗ ಅವಂಗ ನಾ ಏನ ಹೇಳ್ಲಿ?”

ಅವನು ಹಗ್ಗದ ಸುರುಳಿ ಎತ್ತಿಕೊಂಡು ಎದ್ದ. ಹೊಸ್ತಿಲ ತನಕ ಹೋಗಿ, ತಿರುಗದೆ ಹೇಳಿದ:

“ಸಾವಕಾರ್ರ, ನೀವಿನ್ನ ಹೋಗ್ರಿ.”

ಕಾಲೇಜಿನ ಮೊದಲ ದಿನದಿಂದ ಅವನಿಗೆ ನಾನು ಬಸ್ಯಾ. ಗಂಟೆಯ ಹಿಂದೆ ಬಂದಾಗಲೂ ಬಸ್ಯಾ. ಒಬ್ಬ ಗೆಳೆಯ ಗೌರವ ಕೊಟ್ಟು ಹೀಗೆ ಹೊಡೆಯಬಹುದೆಂದು ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ವಿದ್ಯಾಗೆ ಹೇಳಿದೆ. ಕೇಳಿಸಿಕೊಂಡಳು, ಅಂದಿನಿಂದ ತಟ್ಟೆ ಮುಂದಿಡುತ್ತಾಳೆ, ಮಾತಾಡುವುದಿಲ್ಲ. ಆ ಪುಟದಲ್ಲಿ ನಾನು ಬರೆದಿದ್ದ ಎರಡು ಶಬ್ದಗಳನ್ನು ಅಳಿಸಲಿಲ್ಲ, ಅಳಿಸಿದರೆ ತಪ್ಪಿಸಿಕೊಂಡ ಹಾಗೆ. ಅದರ ಕೆಳಗೇ ಇದನ್ನೆಲ್ಲ ಹಾಕುತ್ತೇನೆ. ಮಾಳಪ್ಪನಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಎತ್ತದಿರಲು ಅವನಿಗೆ ಹಕ್ಕಿದೆ. ಕ್ಷಮಿಸು ಎಂದು ಕೇಳಲು ಹೋಗುವುದಿಲ್ಲ, ಅದು ಮತ್ತೆ ಅವನಿಂದಲೇ ಏನನ್ನೋ ತೆಗೆದುಕೊಂಡ ಹಾಗಾಗುತ್ತದೆ. ಅವನ ಮಗನಿಗೆ ಹೇಳಬೇಕಾದದ್ದನ್ನು ಅವನ ಬಾಯಿಂದ ಹೇಳಿಸುವುದು ಸರಿಯಲ್ಲ. ಅಪ್ಪ ಸಂಗೀತ ಬಿಡು ಎಂದದ್ದು ಯಾರ ಸುಳ್ಳಿನಿಂದ ಎಂದು ಆ ಹುಡುಗನ ಎದುರಿಗೆ ನಿಂತು ನಾನೇ ಹೇಳಬೇಕು. ಮಾಳಪ್ಪ ಒಪ್ಪಿದ ದಿನ ಹೇಳುತ್ತೇನೆ.

ಬರುವ ಭಾನುವಾರ ಹುಕ್ಕೇರಿಗೆ ಬರಿಗೈಯಲ್ಲಿ ಹೋಗುತ್ತೇನೆ. ಮೂವತ್ತು ವರ್ಷದ ಹಿಂದೆ ಕುಣಿದವರು ಈಗ ಮೊಮ್ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ. ಅವರ ಮುಂದೆ ನಿಂತು ಮಸಗುಪ್ಪಿಯ ಮಾಳಪ್ಪ ಎಂದು ಹೇಳಬೇಕು. ಹೇಳಿದೊಡನೆ ಅವರ ಮುಖಗಳು ಅರಳುತ್ತವೆ, ಅವನ ಹೆಸರು ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹೋಗುತ್ತದೆ, ನನ್ನ ಕಡೆ ಯಾರೂ ನೋಡುವುದಿಲ್ಲ. ಆಗ ನನ್ನ ಹೊಟ್ಟೆ ಉರಿಯುತ್ತದೆ, ಅದೂ ನನಗೆ ಗೊತ್ತಿದೆ.

ಉರಿಯಲಿ. ಹೇಳುತ್ತೇನೆ.